ಹತ್ತೋಕೊಂದು ಬಂಡೆ ಹುಡುಕಿದವರ ಕತೆ

"ಬೆಂಗಳೂರಿನ ಹತ್ತಿರ ಬಂಡೆ ಹತ್ತೋಕೆ ಒಳ್ಳೇ ಜಾಗ ಎಲ್ಲಿದೆ?"

ರಾಕ್ ಕ್ಲೈಂಬಿಂಗ್ ಹುಚ್ಚು ಹೊಸದಾಗಿ ಹಿಡಿದವರು ಕೇಳುವ ಮೊದಲನೇ ಪ್ರಶ್ನೆ ಇದು. ಈಗ ಉತ್ತರ ಸಿಗೋಕೆ ಒಂದು ನಿಮಿಷ ಸಾಕು. ಫೋನಿನಲ್ಲಿ ಕೇಳಿದರೆ ರಾಮನಗರ, ಸಾವನದುರ್ಗ, ತುರಹಳ್ಳಿ, ಸ್ವಲ್ಪ ದೂರ ಹೋಗೋದಾದರೆ ಬಾದಾಮಿ, ಹಂಪಿ... ಅಂತ ಪಟ್ಟಿ ಬಂದುಬಿಡುತ್ತೆ. ಆದರೆ ಹೆಚ್ಚುಕಮ್ಮಿ ಇದೇ ಪ್ರಶ್ನೆಯನ್ನ 1791ರಲ್ಲಿ ಒಬ್ಬ ಮನುಷ್ಯ ಬಹಳ ತಲೆಕೆಡಿಸಿಕೊಂಡು ಕೇಳಿದ್ದ. ಅವನ ಜೊತೆ ಹಗ್ಗ, ಹೆಲ್ಮೆಟ್ಟು ಇರಲಿಲ್ಲ, ಒಂದು ದೊಡ್ಡ ಸೈನ್ಯ ಇತ್ತು :) ಅವನ ಹೆಸರು ಲಾರ್ಡ್ ಕಾರ್ನ್‌ವಾಲಿಸ್.

ಮೂರನೇ ಮೈಸೂರು ಯುದ್ಧದ ಕಾಲ ಅದು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ತನಕ ಹೋದವನು ಎತ್ತುಗಳಿಗೆ ಮೇವಿಲ್ಲದೆ, ಸೈನಿಕರಿಗೆ ಕೂಳಿಲ್ಲದೆ ವಾಪಸ್ಸು ಬರಬೇಕಾಯ್ತು. ಮತ್ತೆ ಹೊರಡಬೇಕಾದರೆ ಬೆನ್ನ ಹಿಂದಿನ ದಾರಿ ಭದ್ರವಾಗಿರಬೇಕು, ಅಂದರೆ ಆ ದಾರಿಯನ್ನ ಕಾಯುತ್ತಿದ್ದ ಬೆಟ್ಟದ ಕೋಟೆಗಳು ಟಿಪ್ಪುವಿನ ಕೈಯಲ್ಲಿ ಇರಬಾರದು. ಅಕ್ಟೋಬರಿನಲ್ಲಿ ನಂದಿದುರ್ಗ ಬಿತ್ತು. ಮುಂದಿನ ದೊಡ್ಡ ತಲೆನೋವು ಸಾವನದುರ್ಗ.

ಮಾಗಡಿ ಕಡೆಯಿಂದ ಸಾವನದುರ್ಗ ನೋಡಿದವರಿಗೆ ಗೊತ್ತು, ಅದನ್ನ ಬೆಟ್ಟ ಅನ್ನೋದಕ್ಕಿಂತ ಒಂದೇ ಒಂದು ಬಂಡೆ ಅನ್ನೋದು ಸರಿ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ನಡುವೆ ಸೀಳಿದಂತಿರುವ ಕಣಿವೆ, ಆ ಕಡೆ ಈ ಕಡೆ ಎರಡು ತಲೆಗಳು: ಕರಿಗುಡ್ಡ ಮತ್ತು ಬಿಳಿಗುಡ್ಡ. ಮಾಗಡಿಯ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಈ ದುರ್ಗ 1728ರಲ್ಲಿ ಮೈಸೂರಿನವರ ಪಾಲಾಯಿತು. ಸುತ್ತ ದಟ್ಟ ಬಿದಿರು ಕಾಡು, ಕೆಟ್ಟ ಹವೆ. ಮುತ್ತಿಗೆ ಹಾಕಿದವರನ್ನ ಕೊಲ್ಲೋಕೆ ಶತ್ರು ಬೇಕಿಲ್ಲ, ಜ್ವರವೇ ಸಾಕು ಅನ್ನೋ ಮಾತಿತ್ತು. ಹೆಸರಲ್ಲೇ ಸಾವು ಇದೆ ಅಂತ ಇಂಗ್ಲಿಷರೂ ಅರ್ಥ ಮಾಡಿಕೊಂಡು ಹೆದರಿದ್ದರು.

ಆಮೇಲೆ ಆಗಿದ್ದು ವಿಚಿತ್ರ. ಕರ್ನಲ್ ಸ್ಟುವರ್ಟ್ ಅನ್ನುವವನ ಕೈಕೆಳಗಿನ ಪಡೆ ಬಿದಿರು ಮೆಳೆ ಕಡಿದು, ಫಿರಂಗಿಗಳನ್ನ ಗುಡ್ಡದ ಮೇಲೆ ಎಳೆದು ತಂದಿತು. ಕೆಲವು ದಿನ ಗುಂಡು ಹಾರಿಸಿ ಕೆಳಗಿನ ಗೋಡೆ ಒಡೆದರು. ಡಿಸೆಂಬರ್ 21ಕ್ಕೆ ದಾಳಿ. ಒಂದು ಗಂಟೆಯೊಳಗೆ ಎಲ್ಲಾ ಮುಗಿದುಹೋಯ್ತು! ಕಾವಲಿನವರು ಗಾಬರಿಯಿಂದ ಕಡಿದಾದ ದಾರಿ ಹಿಡಿದು ಮೇಲಿನ ಕೋಟೆಗೆ ಓಡಿದರು. ಅಟ್ಟಿಸಿಕೊಂಡು ಬಂದವರು ಅವರ ಬೆನ್ನಿಗೇ ಅಂಟಿಕೊಂಡಂತೆ ಹತ್ತಿ, ಬಾಗಿಲು ಹಾಕುವ ಮೊದಲೇ ಒಳಗೆ ನುಗ್ಗಿದರು. ದಾಳಿ ಮಾಡಿದವರ ಕಡೆ ಗಾಯವಾಗಿದ್ದು ಒಬ್ಬೇ ಒಬ್ಬ ಸಿಪಾಯಿಗೆ ಅಂತ ಅವರ ದಾಖಲೆ ಹೇಳುತ್ತೆ. ಒಳಗಿದ್ದವರ ಕಡೆ ಕಿಲ್ಲೇದಾರನೂ ಸೇರಿ ಬಹಳ ಜನ ಸತ್ತರು, ಓಡುವಾಗ ಬಂಡೆಯಿಂದ ಬಿದ್ದು ಸತ್ತವರೂ ಇದ್ದರು. ಅದೇ ತಿಂಗಳು ರಾಮಗಿರಿ, ಶಿವನಗಿರಿಗಳೂ ಬಿದ್ದವು. ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್, ಸೈನ್ಯಾಧಿಕಾರಿ ಕೋಲ್‌ಬ್ರೂಕ್ ಇವರೆಲ್ಲಾ ಈ ಬಂಡೆಗಳ ಚಿತ್ರ ಬರೆದರು, ಲಂಡನ್ನಿನಲ್ಲಿ ಅವು ಪುಸ್ತಕವಾಗಿ ಮಾರಾಟವೂ ಆದವು.

ಈ ಕತೆ ಯಾಕೆ ಹೇಳಿದೆ ಅಂದರೆ, ಅಲ್ಲಿ ಬಂಡೆ ಸೋಲಲಿಲ್ಲ. ಬರಿಗೈಯಲ್ಲಿ ಆ ಬಂಡೆಯ ಮುಖ ಹತ್ತಿ ಬಂದವರು ಯಾರೂ ಇಲ್ಲ. ಸೋತಿದ್ದು ದಾರಿ. ಒಬ್ಬರು ಹತ್ತಿ ತೋರಿಸಿದ ದಾರಿಯಲ್ಲಿ ಇನ್ನೊಬ್ಬರು ಹತ್ತಬಹುದು. ನಮ್ಮ ನಾಡಿನ ಬಂಡೆಗಳ ಚರಿತ್ರೆಯನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿದರೆ ಅದು "ದಾರಿ ಯಾರಿಗೆ ಗೊತ್ತು?" ಅನ್ನೋ ಪ್ರಶ್ನೆಯ ಚರಿತ್ರೆ.

* * *

ಮುಂದೆ ಹೋಗೋ ಮೊದಲು ಬಂಡೆಯ ಬಗ್ಗೆ ಎರಡು ಮಾತು. ರಾಮನಗರಕ್ಕೆ ಟಿಪ್ಪು ಕಾಲದಲ್ಲಿ ಶಂಸೇರಾಬಾದ್ ಅಂತ ಹೆಸರಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರಿನ ರೆಸಿಡೆಂಟ್ ಆದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಅದು ಕ್ಲೋಸ್‌ಪೇಟೆ ಆಯ್ತು. ಸ್ವಾತಂತ್ರ್ಯ ಬಂದ ಮೇಲೆ ರಾಮನಗರ. ಊರಿನ ಹೆಸರು ಬದಲಾದರೂ ಭೂವಿಜ್ಞಾನಿಗಳ ಪುಸ್ತಕದಲ್ಲಿ ಹಳೇ ಹೆಸರೇ ಉಳಿದುಬಿಟ್ಟಿದೆ: ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ಮೇಲೆ ಬಂದು ತಣ್ಣಗಾದದ್ದು. ತೆಂಕಣದಿಂದ ಬಡಗಣಕ್ಕೆ ನೂರಾರು ಕಿಲೋಮೀಟರ್ ಉದ್ದ, ಅಗಲ ಮಾತ್ರ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು, ಒಂದು ಪಟ್ಟಿ ಎಳೆದಂತೆ. ಸಾವನದುರ್ಗ, ರಾಮನಗರ ಈ ಪಟ್ಟಿಯಲ್ಲೇ ಇವೆ. ಬೆಂಗಳೂರು ಊರಿನ ಕೆಳಗಿರೋದು ಅದಕ್ಕಿಂತಲೂ ಹಳೆಯ ನೈಸ್ ಶಿಲೆ, ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರೋದು ಅದರ ಮೇಲೇನೇ. ಬಾದಾಮಿಯದು ಬೇರೆ ಜಾತಿ, ಕೆಂಪು ಮರಳುಗಲ್ಲು.

ಗ್ರಾನೈಟ್ ಬಂಡೆ ಬಿಸಿಲು ಮಳೆಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚಿಕೊಳ್ಳುತ್ತೆ. ಹಾಗಾಗಿ ಮೈ ಗುಂಡಗೆ, ನುಣ್ಣಗೆ. ನಮ್ಮ ಭಾಷೆಯಲ್ಲಿ ಇದಕ್ಕೆಲ್ಲಾ ಮೊದಲಿಂದ ಪದಗಳಿವೆ ನೋಡಿ. ಹಾಸುಬಂಡೆ, ಗುಂಡು, ಕೋಡುಗಲ್ಲು, ಅರೆ, ಸೀಳು, ಕಿಂಡಿ. ಕ್ಲೈಂಬಿಂಗ್ ಮಾಡುವವರು ಸ್ಲ್ಯಾಬ್ ಅನ್ನೋದು ನಮ್ಮ ಹಾಸುಬಂಡೆ, ಬೋಲ್ಡರ್ ಅನ್ನೋದು ನಮ್ಮ ಗುಂಡು, ಕ್ರ್ಯಾಕ್ ಅಂದರೆ ಸೀಳು. ಬಂಡೆ ನೋಡಿ ಹೆಸರಿಡುವ ಅಭ್ಯಾಸ ಇಲ್ಲಿಯವರಿಗೆ ಹೊಸದೇನಲ್ಲ.

ಚಿತ್ರದುರ್ಗಕ್ಕೆ ಬನ್ನಿ. ಒನಕೆ ಓಬವ್ವನ ಕತೆ ನಮಗೆಲ್ಲಾ ಗೊತ್ತು. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಸಿನಿಮಾದಲ್ಲಿ ಜಯಂತಿಯವರು ಒನಕೆ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಕತೆಯ ಆರಂಭವನ್ನ ಮರೆತುಬಿಡ್ತೀವಿ. ಹೈದರಾಲಿಯ ಸೈನಿಕರಿಗೆ ಆ ಕಿಂಡಿ ಇದೆ ಅಂತ ಗೊತ್ತಾಗಿದ್ದು ಹೇಗೆ? ಮೊಸರು ಮಾರೋ ಹೆಂಗಸೊಬ್ಬಳು ಬಂಡೆಗಳ ಸಂದಿನಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದಳು, ಅದನ್ನ ನೋಡಿಕೊಂಡರು ಅಂತ ಜನ ಹೇಳ್ತಾರೆ. ಏಳು ಸುತ್ತಿನ ಕೋಟೆಗೆ ಫಿರಂಗಿ ಬೇಕು, ಆದರೆ ಮೊಸರಿನ ಗಡಿಗೆ ಹೊತ್ತವಳಿಗೆ ಒಂದು ಸಂದು ಸಾಕು. ಮಹಾರಾಷ್ಟ್ರದ ರಾಯಗಡದಲ್ಲೂ ಇಂಥದ್ದೇ ಒಂದು ಕತೆ ಇದೆ. ಹಾಲು ಮಾರೋಕೆ ಬಂದ ಹಿರ್ಕಣಿ, ಸಂಜೆ ಬಾಗಿಲು ಹಾಕಿದ ಮೇಲೆ ಮನೆಯಲ್ಲಿರೋ ಎಳೆ ಮಗುವಿಗಾಗಿ ಕಡಿದಾದ ಬಂಡೆ ಇಳಿದು ಹೋದಳಂತೆ. ಶಿವಾಜಿ ಅವಳನ್ನ ಮೆಚ್ಚಿ, ಅವಳು ಇಳಿದ ಕಡೆ ಬುರುಜು ಕಟ್ಟಿಸಿದ ಅಂತ ಕತೆ. ಮೆಚ್ಚುಗೆಯೂ ಆಯ್ತು, ದಾರಿ ಮುಚ್ಚಿದ ಹಾಗೂ ಆಯ್ತು! ಈ ಎರಡೂ ಕತೆಗಳಲ್ಲಿ ದಾರಿ ಗೊತ್ತಿದ್ದದ್ದು ದಳವಾಯಿಗಳಿಗಲ್ಲ, ಹಾಲು ಮೊಸರು ಮಾರೋ ಹೆಂಗಸರಿಗೆ.

ಇನ್ನೊಂದು ಹಳೇ ಕತೆ ಉಡದ್ದು. ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಮೇಲೆ ಬಿಟ್ಟರೆ ಅದು ಸಂದಿನಲ್ಲಿ ಉಗುರೂರಿ ಕಚ್ಚಿಕೊಳ್ಳುತ್ತೆ, ಆ ಹಗ್ಗ ಹಿಡಿದು ಸೈನಿಕರು ಹತ್ತುತ್ತಾರೆ ಅಂತ. 1670ರಲ್ಲಿ ತಾನಾಜಿ ಸಿಂಹಗಡ ಹತ್ತಿದ್ದು ಹಾಗೇ ಅನ್ನೋದು ಮರಾಠಿ ಲಾವಣಿಕಾರರ ಮಾತು. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ್ ಅಂತಾರೆ. ನಮ್ಮ ಮುಧೋಳದ ಘೋರ್ಪಡೆಯವರ ಮನೆತನಕ್ಕೆ ಆ ಹೆಸರು ಬಂದದ್ದೂ ಇಂಥದ್ದೇ ಒಂದು ಸಾಹಸದಿಂದ ಅಂತ ಆ ಮನೆತನದ ಐತಿಹ್ಯ. ಒಂದು ಉಡ ಒಬ್ಬ ಮನುಷ್ಯನ ಭಾರ ತಾಳುತ್ತೋ ಇಲ್ಲವೋ, ಅದು ನಿಮ್ಮ ನಂಬಿಕೆಗೆ ಬಿಟ್ಟದ್ದು :) ಆದರೆ ಒಂದಂತೂ ನಿಜ. ಮೊದಲು ಒಬ್ಬರು ಮೇಲೆ ಹೋಗಿ ಹಗ್ಗ ಭದ್ರ ಮಾಡೋದು, ಆಮೇಲೆ ಉಳಿದವರು ಹತ್ತೋದು - ಇವತ್ತು ಕ್ಲೈಂಬಿಂಗ್ ಮಾಡುವವರು ಮಾಡೋದೂ ಅದನ್ನೇ. ಉಡದ ಕೆಲಸವನ್ನ ಈಗ ಲೀಡ್ ಮಾಡುವವನು ಮಾಡುತ್ತಾನೆ, ಅಷ್ಟೇ.

ಚಿತ್ರದುರ್ಗದ ತುಪ್ಪದಕೊಳದ ಬತೇರಿಗೆ ಹೋಗೋ ಬಂಡೆಯ ಮೇಲೆ ಉಳಿಯಿಂದ ಕೊರೆದ ಸಣ್ಣ ಸಣ್ಣ ಕುಳಿಗಳಿವೆ, ಪಾದದ ಮುಂಭಾಗ ಇಡೋಕೆ ಮಾತ್ರ ಜಾಗ. ಅದೇ ಊರಿನಲ್ಲಿ ಈಗ ಜ್ಯೋತಿರಾಜ್ ಇದ್ದಾರೆ, ಜನ ಪ್ರೀತಿಯಿಂದ ಕೋತಿರಾಜ ಅನ್ನೋದು. ಕೋತಿಗಳನ್ನ ನೋಡಿಯೇ ಕಲಿತೆ ಅಂತ ಅವರೇ ಹೇಳಿಕೊಂಡಿದ್ದಾರೆ. ಹಗ್ಗ ಇಲ್ಲದೆ ಕೋಟೆ ಗೋಡೆಯ ಮೇಲೆ ಅವರು ಸರಸರ ಹೋಗೋದನ್ನ ನೋಡೋಕೆ ಪ್ರವಾಸಿಗರು ಗುಂಪುಗಟ್ಟುತ್ತಾರೆ, 2014ರಲ್ಲಿ ಅವರ ಮೇಲೆ ಕನ್ನಡ ಸಿನಿಮಾನೂ ಬಂತು. ಯಾವ ಕೋಟೆಯನ್ನ ಯಾರೂ ಹತ್ತಬಾರದು ಅಂತ ಕಟ್ಟಿದ್ದರೋ ಅದೇ ಕೋಟೆಯನ್ನ ಒಬ್ಬ ಮನುಷ್ಯ ದಿನಾ ಹತ್ತಿ ಚಪ್ಪಾಳೆ ತಗೋತಾನೆ. ಇನ್ನೂರು ವರ್ಷಗಳಲ್ಲಿ ಎಷ್ಟು ಬದಲಾವಣೆ! (ನೀವು ಪ್ರಯತ್ನ ಮಾಡೋಕೆ ಹೋಗಬೇಡಿ ಮತ್ತೆ.)

* * *

ಯುದ್ಧಕ್ಕೆ ಹತ್ತುತ್ತಿದ್ದವರು ಖುಷಿಗೆ ಹತ್ತೋಕೆ ಶುರು ಮಾಡಿದ್ದು ಯಾವಾಗ? ಯುರೋಪಿನಲ್ಲಿ 19ನೇ ಶತಮಾನದ ಕೊನೆಗೆ. 1886ರಲ್ಲಿ ಇಂಗ್ಲೆಂಡಿನ ಹ್ಯಾಸ್ಕೆಟ್ ಸ್ಮಿತ್ ಅನ್ನುವವನು ಲೇಕ್ ಡಿಸ್ಟ್ರಿಕ್ಟಿನ ನೇಪ್ಸ್ ನೀಡಲ್ ಅನ್ನೋ ಸೂಜಿಯಂಥ ಕಲ್ಲನ್ನ ಒಬ್ಬನೇ ಹತ್ತಿದ. ಆ ಕಲ್ಲಿನ ಆಚೆ ಹೋಗೋಕೆ ಏನೂ ಇರಲಿಲ್ಲ, ಹತ್ತಿದ ಹಾಗೇ ಇಳಿದು ಬಂದ. ಹತ್ತೋದೇ ಉದ್ದೇಶ, ತುದಿ ಒಂದು ನೆಪ. ಇಂಗ್ಲೆಂಡಿನಲ್ಲಿ ರಾಕ್ ಕ್ಲೈಂಬಿಂಗ್ ಒಂದು ಆಟವಾಗಿ ಹುಟ್ಟಿದ್ದು ಅಲ್ಲಿಂದ ಅನ್ನೋರಿದ್ದಾರೆ. ಪ್ಯಾರಿಸ್ಸಿನವರಿಗೆ ಹತ್ತಿರದಲ್ಲಿ ಫಾಂಟೆನ್‌ಬ್ಲೋ ಕಾಡಿನ ಗುಂಡುಗಳಿದ್ದವು. ಆಲ್ಪ್ಸ್‌ಗೆ ಹೋಗೋ ಮೊದಲು ಭಾನುವಾರಗಳಲ್ಲಿ ಅಲ್ಲಿ ಕೈಕಾಲು ಪಳಗಿಸುತ್ತಿದ್ದರು. ಆಮೇಲೆ ಗುಂಡು ಹತ್ತೋದೇ ಬೇರೆ ಆಟವಾಯ್ತು. 1950ರ ದಶಕದಲ್ಲಿ ಅಮೆರಿಕದ ಜಾನ್ ಗಿಲ್ ಜಿಮ್ನಾಸ್ಟಿಕ್ಸ್‌ನಿಂದ ಸುಣ್ಣದಂಥ ಬಿಳಿ ಪುಡಿ ತಂದು ಕೈಗೆ ಬಳಿದುಕೊಂಡ. ಇವತ್ತು ಹಂಪಿಯ ಗುಂಡುಗಳ ಮೇಲೆ ಕಾಣೋ ಬಿಳಿ ಕಲೆಗಳ ಮೂಲ ಅಲ್ಲಿದೆ.

ನಮ್ಮ ದೇಶದಲ್ಲಿ ಇದು ಹಿಮಾಲಯದ ಬಾಲ ಹಿಡಿದು ಬಂತು. 1953ರಲ್ಲಿ ತೇನ್‌ಸಿಂಗ್ ಎವರೆಸ್ಟ್ ಹತ್ತಿದ ಮರುವರ್ಷವೇ ಡಾರ್ಜಿಲಿಂಗ್‌ನಲ್ಲಿ ಪರ್ವತಾರೋಹಣ ಸಂಸ್ಥೆ ಶುರುವಾಯ್ತು, 1965ರಲ್ಲಿ ಉತ್ತರಕಾಶಿಯದ್ದು. ಹಿಮದ ಪರ್ವತವೇ ಪರ್ವತ, ಬಂಡೆ ಅನ್ನೋದು ಅದಕ್ಕೆ ತಾಲೀಮು ಅನ್ನೋ ಭಾವನೆ ಬಹಳ ಕಾಲ ಇತ್ತು. ಹಿಮವೇ ಇಲ್ಲದ ಕರ್ನಾಟಕದ ಹುಡುಗರು ತಾಲೀಮಿಗೆ ಅಂತ ಬಂಡೆ ಹುಡುಕಿಕೊಂಡು ಹೋದರು, ಹೋದವರು ತಾಲೀಮಿನಲ್ಲೇ ಉಳಿದುಬಿಟ್ಟರು! ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಿನ ಸರ್ಕಾರಿ ಸಾಹಸ ಅಕಾಡೆಮಿ ರಾಮನಗರ, ಬಾದಾಮಿಗಳಲ್ಲಿ ಶಿಬಿರ ನಡೆಸಿತು. ಹಗ್ಗಕ್ಕೆ ಗಂಟು ಹಾಕೋದನ್ನ ಎಷ್ಟೋ ಕಾಲೇಜು ಹುಡುಗ ಹುಡುಗಿಯರು ಮೊದಲು ಕಲಿತದ್ದು ಇಂಥ ಶಿಬಿರಗಳಲ್ಲೇ.

ರಾಮನಗರದ ಬಂಡೆಗಳನ್ನ ದೇಶಕ್ಕೆಲ್ಲಾ ತೋರಿಸಿದ್ದು ಮಾತ್ರ ಗಬ್ಬರ್ ಸಿಂಗ್. 'ಶೋಲೆ' 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾಯ್ತು. ಡೇವಿಡ್ ಲೀನ್ ತನ್ನ 'ಎ ಪ್ಯಾಸೇಜ್ ಟು ಇಂಡಿಯಾ'ದ (1984) ಗುಹೆಗಳ ದೃಶ್ಯಕ್ಕೂ ಇಲ್ಲಿಗೇ ಬಂದ. ಕತೆಯಲ್ಲಿ ಆ ಗುಹೆಗಳಿರೋದು ಬಿಹಾರದ ಕಡೆ, ಸಿನಿಮಾದಲ್ಲಿ ಕಾಣೋದು ನಮ್ಮ ರಾಮನಗರ, ಸಾವನದುರ್ಗ. ಕೋಟೆಯಾಗಿದ್ದ ಬಂಡೆ ಸೆಟ್ಟಾಯ್ತು, ಸೆಟ್ಟು ತೆಗೆದ ಮೇಲೆ ಹಗ್ಗದವರ ಮೈದಾನ ಆಯ್ತು.

ಆದರೆ ಆ ಬಂಡೆಗೆ ನಮಗಿಂತ ಹಳೇ ಒಕ್ಕಲು ಇತ್ತು, ಉದ್ದಕೊಕ್ಕಿನ ರಣಹದ್ದು. 'ಶೋಲೆ' ನೋಡಿದವರಿಗೆ ರಾಮದೇವರ ಬೆಟ್ಟ ಗೊತ್ತು. ಆ ಬೆಟ್ಟದ ಕಡಿದಾದ ಮೈಯಲ್ಲಿ ಇವು ಗೂಡು ಮಾಡುತ್ತವೆ. 1990ರ ದಶಕದಿಂದ ದೇಶದಲ್ಲೆಲ್ಲಾ ರಣಹದ್ದುಗಳು ಸಾಯತೊಡಗಿದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಅನ್ನೋ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡ ಕೆಡಿಸುತ್ತಿತ್ತು. ದನಗಳಿಗೆ ಆ ಔಷಧಿ ಕೊಡೋದನ್ನ 2006ರಲ್ಲಿ ನಿಷೇಧಿಸಿದರು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಅಭಯಧಾಮ ಆಯ್ತು. ಅಲ್ಲಿಗೆ ಆ ಬೆಟ್ಟದಲ್ಲಿ ಹಗ್ಗ ಕಟ್ಟಿ ಹತ್ತುವ ಕಾಲ ಮುಗೀತು.

ಹತ್ತುವವರಲ್ಲಿ ಕೆಲವರಿಗೆ ಇದು ಬೇಜಾರಿನ ವಿಷಯ. ಆದರೆ ಸ್ವಲ್ಪ ಯೋಚನೆ ಮಾಡಿ. ಹದ್ದಿಗೆ ಬೇಕಾದ್ದು ಏನು? ಕಡಿದಾದ ಬಂಡೆ, ಒಂದು ಸಣ್ಣ ಚಾಚು, ಯಾರೂ ಬರದ ಜಾಗ. ಗೂಡು ಕಟ್ಟೋದು ಚಳಿಗಾಲದಲ್ಲಿ, ಇಡೋದು ವರ್ಷಕ್ಕೆ ಒಂದೇ ಮೊಟ್ಟೆ. ನಮಗೆ ಬೇಕಾದ್ದು? ಅದೇ ಕಡಿದಾದ ಬಂಡೆ, ಅದೇ ಚಾಚು, ನವೆಂಬರಿನಿಂದ ಫೆಬ್ರವರಿ ತನಕದ ಅದೇ ಚಳಿಗಾಲ! ಇಬ್ಬರೂ ಒಂದೇ ಜಾಗವನ್ನ ಒಂದೇ ಕಾಲದಲ್ಲಿ ಕೇಳುತ್ತಿದ್ದೀವಿ. ನಮಗೆ ಇನ್ನೊಂದು ಬಂಡೆ ಸಿಗುತ್ತೆ, ಶನಿವಾರ ಅಲ್ಲದಿದ್ದರೆ ಭಾನುವಾರ ಸಿಗುತ್ತೆ. ಅದಕ್ಕೆ ಸಿಗಲ್ಲ. ಆ ಬೆಟ್ಟ ಬಿಟ್ಟುಕೊಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ರಾಮನಗರದ ಸುತ್ತ ಬೇರೆ ಬೆಟ್ಟಗಳಿಗೇನೂ ಬರವಿಲ್ಲ.

ಸಾವನದುರ್ಗಕ್ಕೆ ವಾಪಸ್ಸು ಬಂದರೆ, 1791ರಲ್ಲಿ ಯಾರೂ ಮುಟ್ಟದೇ ಇದ್ದ ಹಾಸುಬಂಡೆಯ ಮೇಲೆ ಈಗ ಉದ್ದುದ್ದ ದಾರಿಗಳಿವೆ. ಒಂದು ಹಗ್ಗದಳತೆಗೆ ಮುಗಿಯೋದಲ್ಲ, ಹಗ್ಗದ ಮೇಲೆ ಹಗ್ಗ ಅಂತ ಹಲವು ಹಂತ ಹತ್ತಬೇಕು. ಹಿಡಿಯೋಕೆ ಏನೂ ಇರಲ್ಲ, ಶೂವಿನ ರಬ್ಬರು ಮತ್ತು ಕಲ್ಲಿನ ತರಿ ಎರಡನ್ನೇ ನಂಬಿ ಎದ್ದು ನಿಲ್ಲಬೇಕು. ಹೆದರಿ ಬಂಡೆಯನ್ನ ತಬ್ಬಿಕೊಂಡಿರೋ, ಪಾದದ ಮೇಲಿನ ಭಾರ ತಪ್ಪಿ ಜಾರಿದಿರಿ. ನೆಟ್ಟಗೆ ನಿಂತರೆ ನಿಲ್ತೀರಿ. ಆ ದಾರಿಗಳಲ್ಲಿ ಎರಡರ ಹೆಸರು ಕೇಳಿ: ಬೆಳದಿಂಗಳು, ದೀಪಾವಳಿ. ಸಾವು ಅನ್ನೋ ಹೆಸರು ಹೊತ್ತ ಬಂಡೆಯ ಮೇಲೆ ಯಾರೋ ಬೆಳದಿಂಗಳು ಅಂತ ಬರೆದು ಹೋಗಿದ್ದಾರೆ! ಒಂದು ಎಚ್ಚರಿಕೆ, ಇಂಥ ಬಂಡೆಗಳಲ್ಲಿ ಹೆಜ್ಜೇನಿನ ಭಯ ಇದೆ. ಗೂಡು ಕಂಡರೆ ಸದ್ದಿಲ್ಲದೆ ವಾಪಸ್ಸು ಬನ್ನಿ, ಪೌರುಷ ಬೇಡ.

ಬಾದಾಮಿಯಲ್ಲಿ ಬಂಡೆಯ ಕತೆಯೂ ಅಕ್ಷರದ ಕತೆಯೂ ಒಂದೇ. ಚಾಲುಕ್ಯರು ಆ ಕೆಂಪು ಗೋಡೆಯನ್ನ ಕೊರೆದು ಗುಹಾಲಯ ಮಾಡಿದರು, ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. 642ರ ಹೊತ್ತಿಗೆ ಊರನ್ನ ಗೆದ್ದ ಪಲ್ಲವರ ನರಸಿಂಹವರ್ಮನೂ ತನ್ನ ಗೆಲುವನ್ನ ಅಲ್ಲೇ ಬಂಡೆಯ ಮೇಲೆ ಬರೆಸಿದ. ಸುಮಾರು 700ರ ಕಪ್ಪೆ ಅರಭಟ್ಟನ ಶಾಸನ, ನಮ್ಮ ತ್ರಿಪದಿಯ ಮೊದಲ ಗುರುತು ಅಂತ ಕನ್ನಡ ಓದಿದವರೆಲ್ಲಾ ಕೇಳಿರೋದು, ಅದೂ ಇರೋದು ಕೆರೆಯ ಪಕ್ಕದ ಬಂಡೆಯ ಮೈಮೇಲೆ. ಅಲ್ಲಿ ನಿಂತು ಕೆತ್ತಿದವನ ಕಾಲಿಗೆ ಏನು ಆಧಾರ ಇತ್ತೋ ಅಂತ ಹತ್ತುವವರಿಗೆ ಮಾತ್ರ ಕುತೂಹಲ :) ಈಗ ಬಾದಾಮಿಯ ಗೋಡೆಗಳಲ್ಲಿ ಬೋಲ್ಟ್ ಹೊಡೆದ ದಾರಿಗಳು ನೂರಕ್ಕೂ ಹೆಚ್ಚು. ಮರಳುಗಲ್ಲಾದ್ದರಿಂದ ಅಡ್ಡಡ್ಡ ಪದರ, ಬೆರಳಿಗೆ ಒಳ್ಳೇ ಹಿಡಿತ, ಗ್ರಾನೈಟಿನ ಹಾಗೆ ಚರ್ಮ ಕೀಳಲ್ಲ. ನಮ್ಮವರೂ ಹೊರದೇಶದವರೂ ಸೇರಿ ಮಾಡಿದ ದಾರಿಗಳಿವು. ಒಂದು ನಿಯಮ ಮಾತ್ರ ಯಾರೂ ಹೇಳಿಕೊಡದಿದ್ದರೂ ಗೊತ್ತಿರಬೇಕು: ಸ್ಮಾರಕದ ಹತ್ತಿರ ಉಳಿ, ಡ್ರಿಲ್ಲು, ಬಿಳಿ ಪುಡಿ ಯಾವುದೂ ಸುಳಿಯಬಾರದು.

ಹಂಪಿಯ ಕತೆ ಇನ್ನೊಂಥರ. ಅದು ಕಿಷ್ಕಿಂಧೆ, ಕಪಿಗಳ ರಾಜ್ಯ. ವಾಲಿ ಸುಗ್ರೀವರು ಕಲ್ಲುಗುಂಡು ಎಸೆದಾಡಿದ್ದಕ್ಕೇ ಹೀಗೆ ಗುಡ್ಡೆ ಗುಡ್ಡೆ ಬಿದ್ದಿವೆ ಅನ್ನೋದು ಅಲ್ಲಿನವರ ವಿವರಣೆ. ಅಮೆರಿಕದ ಕ್ರಿಸ್ ಶರ್ಮಾ (ಹೆಸರು ಕೇಳಿ ನಮ್ಮ ಕಡೆಯವನು ಅನ್ಕೋಬೇಡಿ, ಅದು ಅವನ ಅಪ್ಪ ಅಮ್ಮ ತಮ್ಮ ಗುರುಗಳಿಂದ ಪಡೆದ ಅಡ್ಡಹೆಸರು) ಗೆಳೆಯರ ಜೊತೆ ಬಂದು ಇಲ್ಲಿನ ಗುಂಡು ಹತ್ತಿದ್ದು 'ಪಿಲ್ಗ್ರಿಮೇಜ್' ಅನ್ನೋ 2003ರ ಚಿತ್ರದಲ್ಲಿದೆ. ಆಮೇಲೆ ಚಳಿಗಾಲ ಬಂತೆಂದರೆ ಬೆನ್ನ ಮೇಲೆ ಹಾಸಿಗೆಯಂಥ ದಪ್ಪ ಪ್ಯಾಡು ಹೊತ್ತ ಪರದೇಶಿಗಳು ಆನೆಗೊಂದಿ ಕಡೆಯ ಗದ್ದೆ ಬದುಗಳಲ್ಲಿ ಸಾಮಾನ್ಯ ದೃಶ್ಯವಾದರು. ಅವರನ್ನ ನೋಡಿ, ಅವರ ಪ್ಯಾಡು ಹೊತ್ತು, ಅವರ ಹಳೇ ಶೂ ಹಾಕಿಕೊಂಡು ಕಲಿತ ಅಲ್ಲಿನ ಹುಡುಗರೇ ಆಮೇಲೆ ಬಂದವರಿಗೆ ದಾರಿ ತೋರಿಸಿದರು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ವಿರೂಪಾಪುರ ಗಡ್ಡೆಯಲ್ಲಿದ್ದ ರೆಸಾರ್ಟುಗಳನ್ನ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಕೆಡವಿದರು. ಅಲ್ಲಿ ಉಳಿದುಕೊಂಡು ಗುಂಡು ಹತ್ತುತ್ತಿದ್ದ ಒಂದು ಕಾಲ ಅಲ್ಲಿಗೆ ಮುಗಿಯಿತು.

* * *

ಒಳಾಂಗಣಕ್ಕೆ ಬರೋಣ. ಬಂಡೆ ಇಲ್ಲದ ಊರಿನವರು ಏನು ಮಾಡಬೇಕು? 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡಾನ್ ರಾಬಿನ್ಸನ್ ಅನ್ನೋ ಮೇಷ್ಟ್ರು ಕಟ್ಟಡದ ಓಣಿಯೊಂದರ ಇಟ್ಟಿಗೆ ಗೋಡೆಗೆ ಕಲ್ಲಿನ ಚೂರುಗಳನ್ನ ಕೂರಿಸಿ ಉಪಾಯ ಹುಡುಕಿದರು. ಅಲ್ಲಿ ಮಳೆ ಜಾಸ್ತಿ, ಹುಡುಗರು ಚಳಿಗಾಲವೆಲ್ಲಾ ಸುಮ್ಮನೆ ಕೂರಬೇಕಿತ್ತು. 1987ರಲ್ಲಿ ಸಿಯಾಟಲ್‌ನಲ್ಲಿ ದುಡ್ಡು ಕೊಟ್ಟು ಹತ್ತೋ ಜಿಮ್ ಬಂತು. ಗೋಡೆ ಬಂದ ಮೇಲೆ ಆಟಕ್ಕೆ ಅಳತೆ ಬಂತು, ಗಡಿಯಾರ ಬಂತು, ಸ್ಪರ್ಧೆ ಬಂತು. ಕೊನೆಗೆ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೂ ಬಂತು.

ಬೆಂಗಳೂರಿನವರಿಗೆ ಗೋಡೆ ಅಂದರೆ ಕಂಠೀರವ ಕ್ರೀಡಾಂಗಣದ ಗೋಡೆ. ಅದರ ಬುಡದಲ್ಲಿ ಸಂಜೆ ಸೇರೋರಲ್ಲಿ ಕಾಲೇಜು ಹುಡುಗರು, ಸಾಫ್ಟ್‌ವೇರಿನವರು, ಶಾಲೆ ಮಕ್ಕಳು ಎಲ್ಲಾ ಇರುತ್ತಿದ್ದರು. ಅದೇ ಬೆಂಗಳೂರಿನ ಮಣಿಕಂಡನ್ ಕುಮಾರ್ ಪೋಲಿಯೋದಿಂದ ಒಂದು ಕಾಲಿನ ಬಲ ಕಳೆದುಕೊಂಡವರು. ಅವರು 2012ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪ್ಯಾರಾ ಕ್ಲೈಂಬಿಂಗ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಚಿನ್ನ ಗೆದ್ದರು. ನಮ್ಮ ಪತ್ರಿಕೆಗಳು ಕ್ರಿಕೆಟ್ಟಿಗೆ ಕೊಡೋ ಜಾಗದಲ್ಲಿ ಕಾಲು ಭಾಗ ಕೊಟ್ಟಿದ್ದರೂ ಅವರ ಹೆಸರು ಮನೆಮಾತಾಗಿರುತ್ತಿತ್ತು. ಪ್ಯಾರಾ ಕ್ಲೈಂಬಿಂಗನ್ನ 2028ರ ಲಾಸ್ ಏಂಜಲೀಸ್ ಪ್ಯಾರಾಲಿಂಪಿಕ್ಸಿಗೆ ಸೇರಿಸುವ ತೀರ್ಮಾನ ಬಂದದ್ದು 2024ರಲ್ಲಿ. ಅವರು ಚಿನ್ನ ಗೆದ್ದು ಆಗಲೇ ಹನ್ನೆರಡು ವರ್ಷ ಆಗಿತ್ತು.

ಈಗ ಊರೊಳಗೆ ಖಾಸಗಿ ಜಿಮ್ಮುಗಳೂ ಇವೆ. ಬಣ್ಣ ಬಣ್ಣದ ಹಿಡಿಗಳು, ಕೆಳಗೆ ಮೆತ್ತನೆ ಹಾಸು. ಹೊಸಬರು ಮೊದಲು ಅಲ್ಲಿ ಬೀಳೋದನ್ನ ಕಲಿತು, ಹಗ್ಗ ಕೊಡೋದನ್ನ ಕಲಿತು, ಆಮೇಲೆ ಗೊತ್ತಿರೋರ ಜೊತೆ ಬಂಡೆಗೆ ಹೋಗೋದು ಒಳ್ಳೇದು. ಒಬ್ಬರೇ ಹೋಗಬೇಡಿ, ಹೆಲ್ಮೆಟ್ ಮರೆಯಬೇಡಿ.

ಆದರೆ ನನಗೊಂದು ಭಯ ಇದೆ. ಒಳಗಿನ ಗೋಡೆ ಹೊರಗಿನ ಬಂಡೆಗೆ ಜೊತೆಯಾಗಬೇಕೇ ಹೊರತು ಬದಲಿಯಾಗಬಾರದು. ಬೆಂಗಳೂರಿನ ಸುತ್ತ ಒಂದು ಸುತ್ತು ಹೊಡೆದು ಬನ್ನಿ. ಎಷ್ಟು ಗುಡ್ಡಗಳು ಅರ್ಧ ಕಡಿದ ಕಲ್ಲಂಗಡಿಯ ಹಾಗೆ ನಿಂತಿವೆ! ಹಿಂದೆಯೂ ಇಲ್ಲಿ ಕಲ್ಲು ತೆಗೆಯುತ್ತಿದ್ದರು. ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಕಾದ ಪದರ ಟಣ್ ಅಂತ ಬಿಟ್ಟುಕೊಂಡಾಗ ಚಪ್ಪಡಿ ಎಬ್ಬಿಸುತ್ತಿದ್ದರು. ಬಂಡೆ ಎಷ್ಟು ಕೊಡುತ್ತೋ ಅಷ್ಟು. ಈಗ ಸಿಡಿಮದ್ದು, ಯಂತ್ರ. 250 ಕೋಟಿ ವರ್ಷದ ಗುಡ್ಡ ಕೆಲವೇ ವರ್ಷಗಳಲ್ಲಿ ಜಲ್ಲಿಯಾಗಿ ಲಾರಿ ಹತ್ತುತ್ತೆ. ಆ ಜಲ್ಲಿಯಲ್ಲೇ ನಮ್ಮ ಮನೆಗಳು ಎದ್ದಿವೆ, ನಾವೇನೂ ಸಾಚಾ ಅಲ್ಲ. ಆದರೂ ಯಾವ ಗುಡ್ಡ ಹೋಗಬಹುದು, ಯಾವುದು ಉಳಿಯಬೇಕು ಅಂತ ಕೇಳೋರಾದರೂ ಇರಬೇಕಲ್ಲ?

ಆ ಪ್ರಶ್ನೆ ಕೇಳೋದು ಆ ಗುಡ್ಡವನ್ನ ಕೈಯಾರೆ ಮುಟ್ಟಿದವರು. ತುರಹಳ್ಳಿ ನೋಡಿ. ಊರು ಬೆಳೆದು ಸುತ್ತುವರಿದ ಮೇಲೂ ಉಳಿದ ಕಾಡಿನ ತುಣುಕು ಅದು, ಅದರ ಗುಂಡುಗಳ ಮೇಲೆ ಬೆಂಗಳೂರಿನ ಎಷ್ಟೋ ಜನ ಬೆರಳು ಪಳಗಿಸಿದ್ದಾರೆ. 2021ರ ಆರಂಭದಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡ್ತಾರೆ ಅಂತ ಸುದ್ದಿ ಬಂದಾಗ ಕಾಡು ಕಾಡಾಗೇ ಇರಲಿ ಅಂತ ನೂರಾರು ಜನ ಬಂದು ನಿಂತರು. ಅವರೆಲ್ಲಾ ಬಂಡೆ ಹತ್ತೋರಲ್ಲ. ನಡೆಯೋರು, ಸೈಕಲ್ ಹೊಡೆಯೋರು, ಹಕ್ಕಿ ನೋಡೋರು, ಪಕ್ಕದ ಬಡಾವಣೆಯವರು. ಆದರೆ ಎಲ್ಲರಿಗೂ ಆ ಜಾಗದ ಪರಿಚಯ ಇತ್ತು. ಪರಿಚಯ ಇಲ್ಲದ ಗುಡ್ಡ ನಕ್ಷೆಯಲ್ಲಿ ಬರೀ ಒಂದು ಸರ್ವೆ ನಂಬರು. ಬೆಳದಿಂಗಳು ಅಂತ ಹೆಸರಿಟ್ಟ ಬಂಡೆಯನ್ನ ಜಲ್ಲಿ ಮಾಡೋಕೆ ಹೊರಟರೆ ನಾಲ್ಕು ಜನವಾದರೂ ಅಡ್ಡ ಬರ್ತಾರೆ.

ಹಿಂದೆ ದಾರಿಯನ್ನ ಬಚ್ಚಿಟ್ಟಷ್ಟೂ ಕೋಟೆ ಉಳಿಯುತ್ತಿತ್ತು. ಮೊಸರಿನವಳ ಸಂದು ಗೊತ್ತಾದರೆ ದುರ್ಗಕ್ಕೆ ಅಪಾಯ. ಈಗ ಲೆಕ್ಕ ತಿರುಗಿದೆ. ದಾರಿ ಗೊತ್ತಿರೋರು ಇದ್ದಷ್ಟು ಕಾಲ ಬಂಡೆಗೆ ಉಳಿಗಾಲ. ಹದ್ದಿನ ಬಂಡೆಯನ್ನ ಹದ್ದಿಗೆ ಬಿಡಿ, ಶಾಸನದ ಬಂಡೆಯನ್ನ ಓದಿ ಕೈಮುಗಿದು ಬನ್ನಿ, ಉಳಿದವನ್ನ ಹತ್ತಿ.

ನಿಮ್ಮೂರ ಬಂಡೆಗೂ ಒಂದು ಹೆಸರಿರುತ್ತೆ, ಅಜ್ಜಿಯ ಬಾಯಲ್ಲೋ ದನ ಕಾಯೋರ ಬಾಯಲ್ಲೋ. ಕೇಳಿ ಬರೆದಿಡಿ. ನನಗೂ ತಿಳಿಸಿ.